ಹಳೇ ಮನೆ ರಿಪೇರಿಗೆ ನಾಲ್ಕು ಎಂಜಿನಿಯರುಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಹಿರಿಯರು ಹೇಳಿದ್ದಾರೆ. ಆ ಹಿರಿಯರು ಯಾರೂ ಬಾಡಿಗೆಗೆ ಸಿಕ್ಕ ಹಳೇ ಮನೆಯನ್ನ ತಾವೇ ರಿಪೇರಿ ಮಾಡೋಕೆ ಹೋದವರಲ್ಲ ಅಂತ ಕಾಣುತ್ತೆ. ಹೋಗಿದ್ದರೆ ಗಾದೆಗೆ ಮೂರನೇದೊಂದು ಸೇರಿಸಿರೋರು.

ನಾವು ನಾಲ್ಕು ಜನ. ಒಬ್ಬ ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಹೆಸರು ಬೇಡ, ಬ್ರಾಂಚ್ ಸಾಕು. ಮುಂದೆ ಓದಿದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತೆ. ಎರಡನೇ ವರ್ಷದಲ್ಲಿ ಹಾಸ್ಟೆಲ್ ಊಟಕ್ಕೆ ಕೈಮುಗಿದು, ಮೈಸೂರಿನ ಅಗ್ರಹಾರದ ಕಡೆ ಒಂದು ಹಳೇ ಮನೆಯ ಮುಂಭಾಗ ಬಾಡಿಗೆಗೆ ಹಿಡಿದೆವು. ಮುಂದೆ ಜಗಲಿ, ಒಳಗೊಂದು ಸಣ್ಣ ತೊಟ್ಟಿ, ಅದರ ಸುತ್ತ ಮಂಗಳೂರು ಹೆಂಚು, ನಡುಮನೆಗೆ ಮದ್ರಾಸ್ ತಾರಸಿ, ಕಾಲಿಟ್ಟರೆ ತಣ್ಣಗಿರೋ ರೆಡ್ ಆಕ್ಸೈಡ್ ನೆಲ. ಹಿಂಭಾಗದಲ್ಲಿ ಮನೆಯ ಯಜಮಾನಿ ಅಜ್ಜಿ ಒಬ್ಬರೇ ಇರ್ತಾರೆ. ದಿನಾ ಇಡ್ಲಿ, ದೋಸೆ ಹಿಟ್ಟು ರುಬ್ಬಿ ಅಕ್ಕಪಕ್ಕದ ಹತ್ತು ಹದಿನೈದು ಮನೆಗೆ ಕೊಡ್ತಾರೆ. ಬಾಡಿಗೆ ಬಿಟ್ಟರೆ ಅದೇ ಅವರ ಆದಾಯ.

ಬಾಡಿಗೆ ಮಾತ್ರ ಅನುಮಾನ ಬರುವಷ್ಟು ಕಮ್ಮಿ. ಯಾಕಜ್ಜಿ ಅಂತ ಕೇಳಿದ್ದಕ್ಕೆ, "ಸಣ್ಣಪುಟ್ಟ ರಿಪೇರಿ ನೀವೇ ನೋಡ್ಕೋಬೇಕು ಕಣ್ರಪ್ಪಾ. ಹೆಂಗೂ ಇಂಜಿನಿಯರಿಂಗ್ ಓದ್ತಿದ್ದೀರಲ್ಲ" ಅಂದ್ರು. ಆ ಮಾತಿಗೆ ನಮ್ಮ ಎದೆ ಎರಡಿಂಚು ಉಬ್ಬಿತು. ಅಲ್ಲಿಂದ ಹದಿನೆಂಟು ತಿಂಗಳು ನಾವು ಆ ಮನೆಗೆ ಏನೇನು ಮಾಡಿದೆವು ಅನ್ನೋದನ್ನ ಇಲ್ಲಿ ಬರೀತಿದ್ದೀವಿ. ನಗೋದಿದ್ದರೆ ಮೊದಲ ಮೂರು ಪ್ರಸಂಗಕ್ಕೆ ನಗಿ. ನಾಲ್ಕನೇದಕ್ಕೆ ನಮಗೆ ಈಗಲೂ ನಗು ಬರೋಲ್ಲ.

ನಲ್ಲಿ

ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ರಾತ್ರಿಯೆಲ್ಲಾ ಟಪ್, ಟಪ್. ವಾಷರ್ ಹೋಗಿದೆ ಅಂತ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ವಾಷರ್ ಬೆಲೆ ಹತ್ತು ರೂಪಾಯಿ. ಹತ್ತು ರೂಪಾಯಿ ಕೆಲಸಕ್ಕೆ ಪ್ಲಂಬರ್‌ಗೆ ಮುನ್ನೂರು ಕೊಡೋದಾ? ನಮ್ಮ ಮೆಕ್ಯಾನಿಕಲ್ ಗೆಳೆಯ ಪೈಪ್ ರೆಂಚ್ ಹಿಡಿದು ನಿಂತ. ನಲ್ಲಿ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಳೇ ಕಾಲದಲ್ಲಿ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುತ್ತಿರಲಿಲ್ಲ. ದಾರ ಸುತ್ತಿ ಮೇಲೆ ಬಿಳಿ ಪೇಂಟ್ ಬಳಿದು ಬಿಗೀತಿದ್ರು. ಅದು ವರ್ಷಗಟ್ಟಲೆ ಒಣಗಿ ಕಲ್ಲಾಗಿತ್ತು. ಹಿಡಿ ಉದ್ದ ಆದಷ್ಟೂ ಟಾರ್ಕ್ ಜಾಸ್ತಿ ಅಂತ ಸ್ಟ್ಯಾಟಿಕ್ಸ್‌ನಲ್ಲಿ ಓದಿದ್ದೆವಲ್ಲ, ರೆಂಚಿನ ಹಿಡಿಗೆ ಎರಡಡಿ ಪೈಪ್ ಸಿಕ್ಕಿಸಿ ಇಬ್ಬರು ಜೋತುಬಿದ್ದೆವು.

ತಿರುಗಿತು. ತಿರುಗಿದ್ದು ನಲ್ಲಿಯಲ್ಲ, ಗೋಡೆಯೊಳಗಿನ ಜಿಐ ಪೈಪು. ಒಳಗೊಳಗೇ ತುಕ್ಕು ತಿಂದು ತೆಳ್ಳಗಾಗಿದ್ದ ಪೈಪು ಎಲ್ಬೋ ಹತ್ತಿರ ಕಟ್ ಅಂತ ಮುರೀತು. ಬಚ್ಚಲು ತುಂಬಾ ನೀರು. ಗೇಟ್ ವಾಲ್ವ್ ತಿರುಗಿಸೋಣ ಅಂದರೆ ಅದೂ ಜಾಮ್. ಕಡೆಗೆ ಕಂಪ್ಯೂಟರ್ ಸೈನ್ಸ್ ಗೆಳೆಯ ಟ್ಯಾಂಕಿನೊಳಗೆ ಕೈಬಿಟ್ಟು ಪೈಪಿನ ಬಾಯಿಗೆ ಹಳೇ ಬನಿಯನ್ ತುರುಕಿದ. ನಮ್ಮ ತಂಡದ ಯಶಸ್ವೀ ರಿಪೇರಿ ಅಂದರೆ ಅದೊಂದೇ.

ಮಾರನೇ ದಿನ ಪ್ಲಂಬರ್ ಬಂದರು. ಗೋಡೆ ನೋಡಿದರು, ನಮ್ಮನ್ನ ನೋಡಿದರು. "ವಾಷರ್ ಹಾಕೋಕೆ ನಲ್ಲಿನೇ ಯಾಕ್ ಸಾರ್ ಬಿಚ್ಚೋಕೆ ಹೋದ್ರಿ? ಮೇಲಿನ ತಲೆ ಬಿಚ್ಚಿದ್ರೆ ಸಾಕಿತ್ತಲ್ಲ." ನಾಲ್ಕು ಜನರಲ್ಲಿ ಒಬ್ಬರಿಗೂ ನಲ್ಲಿಗೆ ತಲೆ ಬೇರೆ, ಮೈ ಬೇರೆ ಅನ್ನೋದು ಹೊಳೆದಿರಲಿಲ್ಲ. ಪೂರ್ತಿ ನಲ್ಲಿ ಬಿಚ್ಚಲೇಬೇಕಾದರೂ ಸುತ್ತ ಗಿಲಾವು ಸ್ವಲ್ಪ ಕೆತ್ತಿ, ಎಲ್ಬೋವನ್ನ ಒಂದು ರೆಂಚಿನಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ನಲ್ಲಿ ತಿರುಗಿಸಬೇಕು. ಆಗ ನಮ್ಮ ಬಲ ಗೋಡೆಯೊಳಗಿನ ಪೈಪಿಗೆ ಹೋಗೋಲ್ಲ ಅಂತ ಅವರೇ ತೋರಿಸಿಕೊಟ್ಟರು. ಹತ್ತು ರೂಪಾಯಿ ವಾಷರ್ ಕೆಲಸ ನಾಲ್ಕು ಸಾವಿರಕ್ಕೆ ಮುಗೀತು. ಎರಡು ದಿನ ಅಜ್ಜಿ ಪಕ್ಕದ ಮನೆಯಿಂದ ಬಿಂದಿಗೆಯಲ್ಲಿ ನೀರು ತಂದರು. ನಾವು ತಂದುಕೊಡ್ತೀವಿ ಅಂದರೆ, "ಬೇಡ, ಬಿಂದಿಗೆನೂ ಒಡೆದು ಹಾಕೀರ" ಅಂದರು.

ಬಾಗಿಲು

ಆಷಾಢದಲ್ಲಿ ಮುಂಬಾಗಿಲು ಬಿಗಿದುಕೊಂಡಿತು. ಭುಜ ಕೊಟ್ಟು ನೂಕಿದರೆ ಮಾತ್ರ ತೆರೆಯುತ್ತಿತ್ತು. ಮೊದಲ ವರ್ಷದ ವರ್ಕ್‌ಶಾಪ್ ನೆನಪಿಸಿಕೊಂಡು, ಗೆಳೆಯನೊಬ್ಬನ ಅಪ್ಪನಿಂದ ಹತ್ತರಿ ಎರವಲು ತಂದು ಅಂಚು ಹೆರೆದೆವು. ಒಂದು ಭಾನುವಾರ ಪೂರ್ತಿ ಹೆರೆದೆವು. ಬೆಣ್ಣೆಯಲ್ಲಿ ಚಾಕು ಆಡಿದಂತೆ ಬಾಗಿಲು ಆಡಿತು. ಜಗಲಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು.

ಶಿವರಾತ್ರಿ ಹೊತ್ತಿಗೆ ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದಿ. ಹಲ್ಲಿ, ಜಿರಲೆ, ಒಮ್ಮೆ ಒಂದು ಸಣ್ಣ ಇಲಿ, ಎಲ್ಲರಿಗೂ ರಾಜಮಾರ್ಗ. ಮರ ಗಾಳಿಯಲ್ಲಿರೋ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ. ಇದನ್ನ ಮೆಟೀರಿಯಲ್ಸ್ ಪೇಪರಿನಲ್ಲಿ ಐದು ಅಂಕಕ್ಕೆ ಬರೆದಿದ್ದವರೇ ನಾವು. ಅಜ್ಜಿ ಸಂದಿಗೆ ಹಳೇ ಸೀರೆಯ ತುಂಡು ಸಿಕ್ಕಿಸ್ತಾ ಹೇಳಿದರು: "ನಾನು ಮದುವೆಯಾಗಿ ಬಂದಾಗಿಂದ ನೋಡ್ತಿದ್ದೀನಿ. ಆಷಾಢಕ್ಕೆ ಬಿಗಿಯುತ್ತೆ, ಸಂಕ್ರಾಂತಿ ಹೊತ್ತಿಗೆ ಅದೇ ಸರಿಹೋಗುತ್ತೆ. ಆರು ತಿಂಗಳು ಕಾಯೋಕಾಗ್ಲಿಲ್ವೇನ್ರೋ?" ಮರಗೆಲಸದವರನ್ನ ಕೇಳಿದಾಗ ಅವರು ಹೇಳಿದ್ದೂ ಅದೇ. ಎಲ್ಲಿ ಉಜ್ಜುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿಟ್ಟು, ಬೇಸಿಗೆಯಲ್ಲಿ ನೋಡಿ ಬೇಕಾದಷ್ಟೇ ತೆಗೆದು, ಬಾಗಿಲಿನ ಮೇಲಿನ ಕೆಳಗಿನ ಅಂಚಿಗೆ ಪೇಂಟ್ ಬಳಿಯಬೇಕಂತೆ. ತೇವ ಜಾಸ್ತಿ ಒಳಗೆ ಹೋಗೋದೇ ಆ ಬರೀ ಮರದ ಅಂಚುಗಳಿಂದ.

ಗೋಡೆ

ನಮ್ಮ ರೂಮಿನ ಗೋಡೆ ಕೆಳಗಿನಿಂದ ಎರಡಡಿ ಥಂಡಿ ಹಿಡಿದಿತ್ತು. ಸುಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಇದು ಸಿವಿಲ್ ಗೆಳೆಯನ ಸರದಿ. ಹಳೇ ಗಿಲಾವು ಕೆತ್ತಿ ಬಿಸಾಕಿ, ಸಿಮೆಂಟಿಗೆ ವಾಟರ್‌ಪ್ರೂಫಿಂಗ್ ಲಿಕ್ವಿಡ್ ಬೆರೆಸಿ, ಗಟ್ಟಿಯಾಗಿ ಪ್ಲಾಸ್ಟರ್ ಮಾಡಿದೆವು. ನಿಜ ಹೇಳಬೇಕಂದರೆ ಕೆಲಸ ಚೆನ್ನಾಗೇ ಬಂದಿತ್ತು. ಕೈಯಲ್ಲಿ ತಟ್ಟಿದರೆ ಕಲ್ಲು.

ಮುಂದಿನ ಮಳೆಗಾಲದಲ್ಲಿ ನಮ್ಮ ಸಿಮೆಂಟಿನ ಮೇಲ್ಗಡೆ, ನಾಲ್ಕಡಿ ಎತ್ತರದಲ್ಲಿ, ಹೊಸದಾಗಿ ಥಂಡಿ ಕಾಣಿಸ್ತು. ಅದೇ ಗೋಡೆಯ ಆಚೆ ಬದಿ ಅಜ್ಜಿಯ ದೇವರಮನೆ. ಅಲ್ಲಿ ಬಿಳಿ ಉಪ್ಪು ಹೂವಿನ ಹಾಗೆ ಅರಳಿ, ದೇವರ ಫೋಟೋಗಳ ಹಿಂದೆ ಗೋಡೆ ಪುಡಿಪುಡಿ ಉದುರೋಕೆ ಶುರುವಾಯ್ತು.

ಬಂದ ಮೇಸ್ತ್ರಿಗೆ ಅರವತ್ತು ದಾಟಿತ್ತು. ಬೆರಳಲ್ಲಿ ಗೋಡೆ ಕೆರೆದು ನೋಡಿ, "ಇದು ಗಾರೆ ಗೋಡೆ ಸಾರ್. ಉಸಿರಾಡುತ್ತೆ. ನೀವು ಬಾಯಿಗೆ ಬಟ್ಟೆ ತುರುಕಿದ್ದೀರಿ" ಅಂದರು. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರ್ತವೆ. ನೆಲದಿಂದ ಮೇಲೇರಿದ ತೇವ ಅದರ ಮೂಲಕ ಆರಿಹೋಗುತ್ತೆ. ಸಿಮೆಂಟ್ ಹಾಗಲ್ಲ, ಬಿಗಿ. ದಾರಿ ಮುಚ್ಚಿದರೆ ನೀರು ಸುಮ್ಮನಿರುತ್ತಾ? ಕ್ಯಾಪಿಲರಿ ಬಲದಿಂದ ಇನ್ನೂ ಮೇಲೆ ಹೋಗುತ್ತೆ, ಇಲ್ಲಾ ಆಚೆ ಕಡೆ ತಿರುಗುತ್ತೆ. ಜೊತೆಗೆ ಉಪ್ಪನ್ನೂ ಒಯ್ದು ಅಲ್ಲಿ ಹರಳುಗಟ್ಟಿಸಿ ಗೋಡೆಯನ್ನ ಒಳಗಿಂದ ಒಡೆಯುತ್ತೆ. ಗಾರೆ ಉದುರ್ತಿದ್ದದ್ದು ಗೋಡೆಯ ಕಾಯಿಲೆ ಆಗಿರಲಿಲ್ಲ. ಗೋಡೆ ಉಳೀಲಿ ಅಂತ ಗಾರೆ ತಾನು ಸವೀತಿತ್ತು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಅದನ್ನ ತೆಗೆದು ಮತ್ತೆ ಗಾರೆಯನ್ನೇ ಬಳಿಯಬೇಕು, ಅಷ್ಟೇ.

ಮೇಸ್ತ್ರಿ ತಮ್ಮ ತಂದೆ ಗಾರೆ ಅರೆಯುತ್ತಿದ್ದ ರೀತಿ ಹೇಳಿದರು. ಸುಟ್ಟ ಸುಣ್ಣವನ್ನ ನೀರಲ್ಲಿ ಅರಳಿಸಿ, ದಿನಗಟ್ಟಲೆ ಕೊಳೆಹಾಕಿ, ಮರಳು ಸೇರಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕ್ತಿದ್ರಂತೆ. ಆ ಸುಣ್ಣ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಸುಣ್ಣದ ಕಲ್ಲಾಗುತ್ತೆ. ಪಿಯುಸಿ ಕೆಮಿಸ್ಟ್ರಿ! ಇವತ್ತಿಗೂ ನಾವು 'ಗಾರೆ ಕೆಲಸ', 'ಗಾರೆಯವರು' ಅಂತೀವಿ. ಆದರೆ ಆ ಗಾರೆಯವರ ಬಾಂಡ್ಲಿಯಲ್ಲಿ ಇರೋದು ಬರೀ ಸಿಮೆಂಟ್. ಪದ ಉಳಿದುಕೊಂಡಿದೆ, ಪದಾರ್ಥ ಹೋಗಿದೆ.

ಮೈಸೂರಿನಲ್ಲಿ ಓದೋರಿಗೆ ಇದು ಬರೀ ಒಂದು ರೂಮಿನ ಗೋಡೆಯ ಕಥೆ ಅಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಹೊಸದು ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಅನ್ನೋ ಜಗಳ ವರ್ಷಗಟ್ಟಲೆ ನಡೀತು. ನಮ್ಮ ಸಿವಿಲ್ ಗೆಳೆಯ ಆ ವಿಷಯದ ಚರ್ಚಾಸ್ಪರ್ಧೆಯಲ್ಲಿ ಕೆಡವಬೇಕು ಅಂತ ಮಾತಾಡಿ ಬಹುಮಾನ ತಂದಿದ್ದ. ದೇವರಮನೆಯ ಗೋಡೆ ನೋಡಿದ ಮೇಲೆ ಅವನು ಹೇಳಿದ್ದು ಇಷ್ಟು: "ಗಾರೆ ಅಂದ್ರೆ ಏನು ಅಂತ ಗೊತ್ತಿಲ್ದೆ ಹತ್ತು ನಿಮಿಷ ಮಾತಾಡಿದ್ದೆ ಮಗಾ."

ಗ್ರೈಂಡರ್

ಈಗ ನಾಲ್ಕನೇದು.

ಅಜ್ಜಿಯ ಅಡುಗೆಮನೆಯ ವೈರಿಂಗ್ ಮರದ ಪಟ್ಟಿಯ ಮೇಲೆ ಓಡಿದ್ದ ಹಳೇ ಕಾಲದ್ದು. ರಬ್ಬರ್ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಸಾಕೆಟ್ ಎರಡು ಪಿನ್ನಿನದು. ಗ್ರೈಂಡರಿನ ಮೂರು ಪಿನ್ ಪ್ಲಗ್ಗನ್ನ ಅಜ್ಜಿ ಯಾವುದೋ ಅಡಾಪ್ಟರ್‌ಗೆ ಸಿಕ್ಕಿಸಿ ಉಪಯೋಗಿಸ್ತಿದ್ರು. ನೋಡಿ ನಮಗೆ ಭಯ ಆಯ್ತು. ಆ ಭಯ ಸರಿಯಾದದ್ದೇ. ಅಜ್ಜಿಗೊಂದು ಉಪಕಾರ ಮಾಡೋಣ ಅಂತ ಹೊಸ ಮೂರು ಪಿನ್ ಸಾಕೆಟ್ ತಂದೆವು.

ನಮ್ಮ ಎಲೆಕ್ಟ್ರಿಕಲ್ ಗೆಳೆಯ ಹಬ್ಬಕ್ಕೆ ಊರಿಗೆ ಹೋಗಿದ್ದ. ಅವನು ಬರೋವರೆಗೆ ಕಾಯಬಹುದಿತ್ತು. ಕಂಪ್ಯೂಟರ್ ಸೈನ್ಸ್ ಗೆಳೆಯ ಒಂದು ವಿಡಿಯೋ ನೋಡಿ ಕೈಹಾಕಿದ, ಉಳಿದಿಬ್ಬರು ಟಾರ್ಚ್ ಹಿಡಿದೆವು. ಬಿಚ್ಚಿದರೆ ಒಳಗೆ ಎರಡೇ ವೈರು: ಫೇಸ್, ನ್ಯೂಟ್ರಲ್. ಅರ್ಥ್ ವೈರ್ ಇಲ್ಲವೇ ಇಲ್ಲ. ಹೊಸ ಸಾಕೆಟ್ ಹಾಕಿ, ಹೋಲ್ಡರಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪನ್ನ ಫೇಸ್‌ಗೂ ಅರ್ಥ್ ಪಿನ್ನಿಗೂ ಇಟ್ಟು ನೋಡಿದೆವು. ಬಲ್ಬು ಹತ್ತಲಿಲ್ಲ. ಅರ್ಥ್ ಇಲ್ಲ, ಸರಿ. ಆಗ ವಿಡಿಯೋದಲ್ಲಿ ಹೇಳಿದ ಹಾಗೆ ಸಾಕೆಟ್ಟಿನೊಳಗೇ ಒಂದು ತುಂಡು ವೈರಿನಿಂದ ಅರ್ಥ್ ಪಿನ್ನನ್ನ ನ್ಯೂಟ್ರಲ್‌ಗೆ ಸೇರಿಸಿದೆವು. ಈಗ ಬಲ್ಬು ಝಗ್ ಅಂತ ಹತ್ತಿತು. ಟೆಸ್ಟ್ ಪಾಸ್! ಹಬ್ಬ ಮುಗಿಸಿ ಬಂದ ಎಲೆಕ್ಟ್ರಿಕಲ್ ಗೆಳೆಯನೂ ಬಲ್ಬು ಹತ್ತೋದನ್ನ ನೋಡಿ, ಮುಚ್ಚಳ ಬಿಚ್ಚದೆ, "ಓಕೆ" ಅಂದ.

ಮೂರು ತಿಂಗಳು ಏನೂ ಆಗಲಿಲ್ಲ. ಒಂದು ಬೆಳಗ್ಗೆ ಗ್ರೈಂಡರ್ ಓಡ್ತಿರುವಾಗಲೇ ಮೀಟರ್ ಬೋರ್ಡಿನ ಹತ್ತಿರ ನ್ಯೂಟ್ರಲ್ ವೈರಿನ ಹಳೇ ಜಾಯಿಂಟ್ ಸುಟ್ಟು ಕಿತ್ತುಬಂತು. ಲೈಟ್ ಆರಿತು, ಗ್ರೈಂಡರ್ ನಿಂತಿತು. ಅಜ್ಜಿ ಏನಂದುಕೊಂಡರು? ಯಾರಾದರೂ ಅಂದುಕೊಳ್ಳೋದನ್ನೇ: ಕರೆಂಟ್ ಹೋಯ್ತು. ಅಷ್ಟು ಹಿಟ್ಟನ್ನ ತೋಡಿಕೊಳ್ಳೋಣ ಅಂತ ಒದ್ದೆ ನೆಲದ ಮೇಲೆ ನಿಂತು ಒದ್ದೆ ಕೈಯಿಂದ ಸ್ಟೀಲ್ ಗ್ರೈಂಡರ್ ಮುಟ್ಟಿದರು.

ಕರೆಂಟ್ ಹೋಗಿರಲಿಲ್ಲ. ವಾಪಸ್ ಹೋಗೋ ದಾರಿ ಮಾತ್ರ ಕಡಿದಿತ್ತು. ಫೇಸ್‌ನಿಂದ ಬಂದ ಕರೆಂಟು ಮೋಟಾರಿನ ವೈಂಡಿಂಗ್ ದಾಟಿ ನ್ಯೂಟ್ರಲ್‌ಗೆ, ಅಲ್ಲಿಂದ ನಾವು ಹಾಕಿದ್ದ ಆ ತುಂಡು ವೈರಿನ ಮೂಲಕ ಅರ್ಥ್ ಪಿನ್ನಿಗೆ, ಪಿನ್ನಿನಿಂದ ಗ್ರೈಂಡರಿನ ಮೈಗೆ ಬಂದು ಕಾಯ್ತಿತ್ತು. ಒದ್ದೆ ಮೈಯ ರೆಸಿಸ್ಟೆನ್ಸ್ 1,000 ಓಮ್ ಅಂತ ಹಿಡಿಯಿರಿ. 230 ವೋಲ್ಟ್ ಭಾಗಿಸು 1,000, ಅಂದರೆ 230 ಮಿಲಿಆಂಪಿಯರ್. ಮನೆಗಳಲ್ಲಿ ಜೀವ ಉಳಿಸೋಕೆ ಹಾಕೋ ಆರ್‌ಸಿಸಿಬಿ 30 ಮಿಲಿಆಂಪಿಯರ್‌ಗೇ ಟ್ರಿಪ್ ಆಗಬೇಕು ಅಂತ ಇಟ್ಟಿರ್ತಾರೆ. ಆ ಮನೆಯಲ್ಲಿ ಆರ್‌ಸಿಸಿಬಿ ಇರಲಿಲ್ಲ. ಇದ್ದದ್ದು ಪಿಂಗಾಣಿ ಫ್ಯೂಸು, ಅದರಲ್ಲೂ ಯಾರೋ ಹಿಂದೆ ದಪ್ಪ ತಂತಿ ಕಟ್ಟಿದ್ದರು. ಸರಿಯಾದ ತಂತಿ ಇದ್ದಿದ್ದರೂ ಇಷ್ಟು ಕರೆಂಟಿಗೆ ಅದು ಸುಡೋದಿಲ್ಲ.

ಬೆರಳ ತುದಿ ತಾಗಿ ಅಜ್ಜಿ ಹಿಂದಕ್ಕೆ ಬಿದ್ದರು. ಹಿಡಿದುಕೊಂಡಿದ್ದರೆ ಈ ಲೇಖನ ನಾವು ಬರೀತಿರಲಿಲ್ಲ. ಮೊಣಕೈ ಏಟು, ಆಸ್ಪತ್ರೆ, ಇಸಿಜಿ, ಒಂದು ರಾತ್ರಿ ವಾರ್ಡಿನ ಹೊರಗೆ ನಾವು ನಾಲ್ಕೂ ಜನ ಬೆಂಚಿನ ಮೇಲೆ. ಎರಡು ವಾರ ಹಿಟ್ಟಿನ ವ್ಯಾಪಾರ ನಿಂತಿತು. ಅಜ್ಜಿಯ ಮಗಳು ಬೆಂಗಳೂರಿನಿಂದ ಬಂದು, ಬೈಯಲೂ ಇಲ್ಲ, ಒಂದೇ ಮಾತು ಕೇಳಿದರು: "ಗೊತ್ತಿಲ್ಲದೇ ಇದ್ರೆ ಗೊತ್ತಿಲ್ಲ ಅಂತ ಹೇಳೋಕೆ ಏನಾಗಿತ್ತು?"

ಎಲೆಕ್ಟ್ರಿಷಿಯನ್ ಸಾಕೆಟ್ ಬಿಚ್ಚಿ ಆ ತುಂಡು ವೈರನ್ನ ಮೇಜಿನ ಮೇಲಿಟ್ಟರು. ನಾಲ್ಕು ಬೆರಳುದ್ದ ಇತ್ತು. "ಕಾಲೇಜಲ್ಲಿ ಇದನ್ನ ಹೇಳ್ಕೊಡಲ್ವಾ?" ಅಂತ ಕೇಳಿದರು. ಹೇಳಿಕೊಟ್ಟಿದ್ದಾರೆ. ಅರ್ಥಿಂಗ್ ಅಂದರೆ ಏನು, ಯಾಕೆ ಬೇಕು ಅಂತ ಮೊದಲ ವರ್ಷದಲ್ಲಿ ನಾಲ್ಕೂ ಬ್ರಾಂಚಿನವರು ಓದಿ ಪಾಸಾಗಿದ್ದೀವಿ. ಎಲೆಕ್ಟ್ರಿಕಲ್ ಗೆಳೆಯನಿಗೆ ಆ ಪೇಪರಿನಲ್ಲಿ ಡಿಸ್ಟಿಂಕ್ಷನ್ ಬಂದಿತ್ತು.

ಹಾಗಾದರೆ ಕೈಹಾಕಲೇಬಾರದಾ?

ಇದನ್ನ ಓದಿ, "ಅದಕ್ಕೇ ಹೇಳೋದು, ಎಲ್ಲಕ್ಕೂ ಕೆಲಸದವರನ್ನ ಕರೀಬೇಕು" ಅಂತ ಕೆಲವರು ಹೇಳ್ತಾರೆ. "ಅಂಥ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ರೆ ತಲೆನೋವೇ ಇಲ್ಲ" ಅಂತ ಇನ್ನು ಕೆಲವರು. ಎರಡನ್ನೂ ನಾವು ಒಪ್ಪೋಲ್ಲ.

ಕೆಲಸದವರನ್ನ ಕರೆಯಿರಿ ಅನ್ನೋದು ಸುಲಭ. ಒಂದು ವಾಷರಿಗೆ, ಒಂದು ಸ್ವಿಚ್ಚಿಗೆ ಯಾರೂ ಬರೋಲ್ಲ. ಬಂದರೆ ಅರ್ಧ ದಿನದ ಕೂಲಿ ಕೊಡಬೇಕು, ಅದು ನ್ಯಾಯವೂ ಹೌದು. ಅಜ್ಜಿಯಂಥವರಿಗೆ ಅದು ತಿಂಗಳ ಹಿಟ್ಟಿನ ಲಾಭ. ಅಲ್ಲದೆ ಎಲ್ಲ ಮೇಸ್ತ್ರಿಗಳಿಗೂ ಗಾರೆ ಗೊತ್ತಿಲ್ಲ. ಆ ಫ್ಯೂಸಿಗೆ ದಪ್ಪ ತಂತಿ ಕಟ್ಟಿದವರೂ ಯಾರೋ ದುಡ್ಡು ತಗೊಂಡ ಕೆಲಸದವರೇ ಇರಬಹುದು. ಇನ್ನು ಕೆಡವೋದು? ಹಳೇ ಮನೆಗಳಲ್ಲಿ ಇರೋರಲ್ಲಿ ಎಷ್ಟೋ ಜನ ಅಜ್ಜಿಯ ಥರದವರೇ, ಹೊಸದು ಕಟ್ಟೋ ಶಕ್ತಿ ಇಲ್ಲದವರು. ಮನೆ ಬಿದ್ದುಹೋಗದ ಹಾಗೆ ನೋಡಿಕೊಳ್ಳೋದು ಅವರಿಗೆ ಹವ್ಯಾಸ ಅಲ್ಲ.

ನಮ್ಮ ಅಭಿಪ್ರಾಯ ಇಷ್ಟು: ನಾವು ರಿಪೇರಿ ಮಾಡಬೇಕು. ಆದರೆ ಮಾಡಿದ ತಪ್ಪುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ನಾಲ್ಕರಲ್ಲೂ ಒಂದೇ ದೋಷ ಕಾಣುತ್ತೆ. ನಮ್ಮ ಕಣ್ಣಿಗೆ ಬಿದ್ದದ್ದು ಲಕ್ಷಣ ಮಾತ್ರ. ನಲ್ಲಿ ಸೋರಬಾರದು, ಬಾಗಿಲು ಬಿಗಿಯಬಾರದು, ಗೋಡೆ ಉದುರಬಾರದು, ಬಲ್ಬು ಹತ್ತಬೇಕು. ಅದು ನಿಂತರೆ ಸಾಕು, ಕೆಲಸ ಆಯ್ತು. ನಮ್ಮ ಲ್ಯಾಬ್ ರೆಕಾರ್ಡಿನ ಅಭ್ಯಾಸವೇ ಇದು. ಬರಬೇಕಾದ ರೀಡಿಂಗ್ ಬಂದರೆ ಸಹಿ ಸಿಗುತ್ತೆ. ಕಂಪ್ಯೂಟರ್ ಸೈನ್ಸ್ ಗೆಳೆಯ ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದ ಮಾತು ನಮಗೆಲ್ಲರಿಗೂ ಅನ್ವಯಿಸುತ್ತೆ: "ಕೋಡ್ ಸರಿ ಮಾಡ್ಲಿಲ್ಲ ಮಗಾ, ಟೆಸ್ಟ್ ಕೇಸ್ ಪಾಸ್ ಆಗೋ ಹಂಗೆ ಮಾಡ್ಬಿಟ್ವಿ."

ಆ ಮನೆಯಲ್ಲಿ ಈಗ ನಾವು ಕೆಲವು ಕಟ್ಟಳೆ ಮಾಡಿಕೊಂಡಿದ್ದೀವಿ. ಹಳೇ ಮನೆಗೆ ಬಾಡಿಗೆಗೆ ಹೋಗೋ ಜೂನಿಯರ್‌ಗಳಿಗೆ ಉಪಯೋಗ ಆಗಬಹುದು.

ಮೊದಲನೇದು, ಮನೆಯಲ್ಲಿ ಹಳಬರು ಇದ್ದರೆ ಅವರನ್ನ ಕೇಳೋದು. ಇದು ಯಾವಾಗಿಂದ ಹೀಗಿದೆ, ಹಿಂದೆ ಯಾರು ಏನು ಮಾಡಿದ್ರು, ಬೇಸಿಗೆಯಲ್ಲಿ ಹೇಗಿರುತ್ತೆ? ಬಾಗಿಲಿನ ವಿಷಯ ಅಜ್ಜಿಯನ್ನ ಒಂದು ಮಾತು ಕೇಳಿದ್ದರೆ ಒಂದು ಭಾನುವಾರ, ಒಂದು ಬಾಗಿಲು ಎರಡೂ ಉಳೀತಿತ್ತು.

ಎರಡನೇದು, ಅದು ಯಾವುದರಿಂದ ಮಾಡಿದ್ದು ಅಂತ ತಿಳಿಯದೆ ಉಳಿ, ಸುತ್ತಿಗೆ ಮುಟ್ಟೋದಿಲ್ಲ. ಗಾರೆಗೆ ಗಾರೆ. ಜಿಐ ಪೈಪು ಹಳೇದಾಗಿದ್ದರೆ ಬಲ ಬೇಡ, ಮೊದಲು ನೀರು ಎಲ್ಲಿ ನಿಲ್ಲಿಸಬಹುದು ಅಂತ ನೋಡಿಕೊಳ್ಳೋದು.

ಮೂರನೇದು, ವೈರಿಂಗ್ ಮುಟ್ಟೋದಿಲ್ಲ. ಬಲ್ಬು ಬದಲಾಯಿಸ್ತೀವಿ, ಅಷ್ಟೇ. ನಾವು ಓದ್ತಿರೋದು ಏನೇ ಇರಲಿ, ಮನೆ ವೈರಿಂಗಿಗೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಬೇಕು. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043 ಅಂತ ಸಂಹಿತೆಗಳಿವೆ. ಓದೋ ಆಸೆ ಇದ್ದರೆ ಅದನ್ನ ಓದಿ, ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಿ. ಮತ್ತೆ, ಅರ್ಥ್ ಪಿನ್ನನ್ನ ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೆ ಸೇರಿಸಬೇಡಿ. ಯಾವ ವಿಡಿಯೋ ಏನೇ ಹೇಳಲಿ.

ನಾಲ್ಕನೇದು, ಕೆಲಸದವರ ಹತ್ತಿರ ಚೌಕಾಸಿ ಮಾಡೋದಿಲ್ಲ. ಪ್ಲಂಬರ್‌ಗೆ ಮುನ್ನೂರು ಯಾಕೆ ಕೊಡಬೇಕು ಅಂತ ಕೇಳಿದವರು ನಾವೇ. ನಲ್ಲಿಗೆ ತಲೆ ಬೇರೆ ಮೈ ಬೇರೆ ಅಂತ ಗೊತ್ತಿರೋದಕ್ಕೆ ಆ ಮುನ್ನೂರು.

ಕಾಲೇಜಿಗೆ ಒಂದು ಮಾತು

ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ ಎಂಜಿನಿಯರ್‌ಗಳ ದಿನ ಆಚರಿಸ್ತೀವಿ. ಅಣೆಕಟ್ಟು, ಗೇಟು, ದೊಡ್ಡ ದೊಡ್ಡ ಕನಸುಗಳ ಭಾಷಣ ಆಗುತ್ತೆ. ಆಗಲಿ. ಆದರೆ ನಮ್ಮ ವರ್ಕ್‌ಶಾಪ್‌ನಲ್ಲಿ ಎಲ್ಲರೂ ಅದೇ ಹೊಸ ಕಬ್ಬಿಣದ ತುಂಡಿಗೆ ಅರ ಹಾಕಿ, ಅದೇ ಆಕಾರ ಕತ್ತರಿಸಿ, ಕೊನೆಗೆ ಗುಜರಿಗೆ ಎಸೀತೀವಿ. ಕೆಟ್ಟುಹೋದ ಒಂದು ವಸ್ತುವನ್ನ ನಾಲ್ಕು ವರ್ಷದಲ್ಲಿ ಒಂದು ಸಲವೂ ಬಿಚ್ಚಿ ನೋಡದೆ ಡಿಗ್ರಿ ತಗೊಂಡು ಹೋಗಬಹುದು. ಇದು ಸರಿ ಅಂತ ನಮಗೆ ಅನಿಸೋಲ್ಲ.

ತಿಂಗಳಿಗೊಂದು ಶನಿವಾರ ವರ್ಕ್‌ಶಾಪ್ ತೆರೆದಿಡಿ. ಊರಿನ ಒಬ್ಬ ಪ್ಲಂಬರ್, ಒಬ್ಬ ಮೇಸ್ತ್ರಿ, ಒಬ್ಬ ಎಲೆಕ್ಟ್ರಿಷಿಯನ್‌ಗೆ ಅತಿಥಿ ಉಪನ್ಯಾಸಕರಿಗೆ ಕೊಡೋ ಗೌರವಧನವನ್ನೇ ಕೊಟ್ಟು ಕರೆಸಿ. ಸೋರೋ ನಲ್ಲಿ, ಸುಟ್ಟ ಮಿಕ್ಸಿ, ಮುರಿದ ಕಿಟಕಿ ನಾವು ಹೊತ್ತು ತರ್ತೀವಿ. ಅವರು ಕಲಿಸಲಿ, ಯಾಕೆ ಅಂತ ನಾವು ಪುಸ್ತಕದಲ್ಲಿ ಹುಡುಕ್ತೀವಿ.

ನಮ್ಮ ಕನ್ನಡ ಸಂಘಕ್ಕೂ ಇದರಲ್ಲಿ ಕೆಲಸ ಇದೆ. ಆ ಮೇಸ್ತ್ರಿ ಮಾತಾಡುವಾಗ ಗಿಲಾವು, ತೊಲೆ, ಜಂತೆ, ರೀಪು ಅಂತ ಹೇಳ್ತಾ ಹೋದರು. ಅದೆಲ್ಲ ಕನ್ನಡವೇ, ನಾವೂ ಕನ್ನಡದವರೇ. ಆದರೂ ಅರ್ಧ ಅರ್ಥವಾಗದೆ ಸುಮ್ಮನೆ ತಲೆಯಾಡಿಸಿದೆವು. ಅವರಿಗೆ ನಮ್ಮ ಕ್ಯಾಪಿಲರಿ ಗೊತ್ತಿಲ್ಲ, ನಮಗೆ ಅವರ ಜಂತೆ ಗೊತ್ತಿಲ್ಲ. ಮಧ್ಯೆ ಗೋಡೆ ಉದುರ್ತಿರುತ್ತೆ. ರಾಜ್ಯೋತ್ಸವಕ್ಕೆ ಧ್ವಜ ಹಿಡಿಯೋ ಕೈಗಳು ಈ ಪದಗಳನ್ನೂ ಬರೆದಿಟ್ಟುಕೊಳ್ಳಲಿ. ಇದೇ ಪತ್ರಿಕೆಯಲ್ಲಿ ತಿಂಗಳಿಗೆ ಹತ್ತು ಪದ ಹಾಕಿದರೂ ಸಾಕು.

ಅಜ್ಜಿ ಈಗ ಚೆನ್ನಾಗಿದ್ದಾರೆ. ನಾವು ನಾಲ್ಕು ಜನ ಒಂದು ಸೆಮಿಸ್ಟರಿನ ಟ್ರಿಪ್ಪಿನ ದುಡ್ಡು ಹಾಕಿ ಅಡುಗೆಮನೆಗೆ ಹೊಸ ವೈರಿಂಗ್, ಆರ್‌ಸಿಸಿಬಿ ಮಾಡಿಸಿದೆವು. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ಅಗೆದದ್ದು ಮಾತ್ರ ನಾವೇ. ಒಳಗೆ ಪೈಪು, ಇದ್ದಿಲು, ಉಪ್ಪು ಹಾಕಿ ಜೋಡಿಸಿದ್ದು ಎಲೆಕ್ಟ್ರಿಷಿಯನ್. ದೇವರಮನೆಯ ಗೋಡೆಯ ಸಿಮೆಂಟ್ ಕೆತ್ತಿ ಗಾರೆ ಬಳಿಯೋ ಕೆಲಸ ಮೇಸ್ತ್ರಿಯ ಜೊತೆ ಬೇಸಿಗೆ ರಜೆಯಲ್ಲಿ ಮಾಡಬೇಕು. ಸುಣ್ಣ ಈಗಾಗಲೇ ಡ್ರಮ್ಮಿನಲ್ಲಿ ಕೊಳೀತಾ ಇದೆ.

ಹಿಟ್ಟಿನ ವ್ಯಾಪಾರ ಮತ್ತೆ ನಡೀತಿದೆ. ಗ್ರೈಂಡರ್ ಪೂರ್ತಿ ಸುರಕ್ಷಿತ, ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ತೋರಿಸಿದ್ದಾರೆ. ಆದರೂ ಅಜ್ಜಿ ಇವತ್ತಿಗೂ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಅದನ್ನ ದೂರ ಇಟ್ಟು, ಒಂದು ನಿಮಿಷ ನಿಂತು ನೋಡಿ, ಆಮೇಲೇ ಹಿಟ್ಟಿಗೆ ಕೈಹಾಕ್ತಾರೆ. ಏನೂ ಆಗಲ್ಲ ಅಜ್ಜಿ ಅಂತ ಹೇಳೋಕೆ ನಮ್ಮಲ್ಲಿ ಯಾರಿಗೂ ಬಾಯಿ ಬರೋಲ್ಲ.